ಚಂದಾ ಕೊಡಿರಿ

ಯಾರಾದರೂ ದೆವ್ವದ ಸುದ್ದಿ ತೆಗೆದರೆ ಎದ್ದು ಹೋಗಿ ಇನ್ನೊಂದು ಚಹಾ ಹೇಳುವ ಜಾತಿಯವನು ನಾನು. ಔಷಧಿ ಕಂಪನಿಯ ಪ್ರತಿನಿಧಿಯಾಗಿ ಅರ್ಧ ಆಯುಷ್ಯ ಬೈಕಿನ ಮೇಲೆ ಕಳೆದಿದ್ದೇನೆ. ವಾಡಿಯಲ್ಲಿ ಮನೆ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ನನ್ನ ತಿರುಗಾಟ. ಡಾಕ್ಟರರ ಬಾಗಿಲಲ್ಲಿ ಬ್ಯಾಗು ಹಿಡಿದು ಕಾಯುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಅಲ್ಲಿ ಕೂತ ಜನ ಮೊದಲು ರೋಗದ ಮಾತಾಡುತ್ತಾರೆ, ಆಮೇಲೆ ಇಲೆಕ್ಷನ್, ಅದೂ ಮುಗಿದ ಮೇಲೆ ದೆವ್ವ. ಕುಂಚಾವರಂ ಕಾಡಿನ ದಾರಿಯಲ್ಲಿ ಬಿಳಿ ಸೀರೆಯವಳು ಕೈ ಮಾಡಿ ಬೈಕು ನಿಲ್ಲಿಸುತ್ತಾಳೆ ಅಂತ ಎಷ್ಟು ಜನ ಆಣೆ ಮಾಡಿ ಹೇಳಿದ್ದಾರೋ! ಆ ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಿದ ನನಗೆ ಮಾತ್ರ ಎಮ್ಮೆಗಳ ಹೊರತು ಬೇರೆ ಯಾರೂ ಅಡ್ಡ ಬಂದಿಲ್ಲ.

ಅಂಥ ನಾನು ಈಗ ಬರೆಯಲು ಕೂತಿರುವುದು ಏನು ಎಂದು ನಿಮಗೆ ಮುಂದೆ ಗೊತ್ತಾಗುತ್ತದೆ. ನಂಬಿ ಎಂದು ನಾನು ಹೇಳುವುದಿಲ್ಲ. ನನ್ನ ಜಾಗದಲ್ಲಿ ನೀವಿದ್ದು, ಇದನ್ನು ನನಗೆ ಹೇಳಿದ್ದರೆ, ನಾನೂ ಎದ್ದು ಹೋಗುತ್ತಿದ್ದೆ. ಬರೆಯುವಾಗಲೂ ಕೂತಲ್ಲಿ ಕೂಡಲಾಗುತ್ತಿಲ್ಲ. ಎರಡು ಸಾಲು ಬರೆದು ಅಂಗಳಕ್ಕೆ ಹೋಗಿ ಬರುತ್ತೇನೆ. ಹೆಂಡತಿ ಏನಾಯಿತು ಎಂದು ಕೇಳಿ ಕೇಳಿ ಬಿಟ್ಟಿದ್ದಾಳೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ಹಳೆಯ ಯುದ್ಧದ ಕಾಲದ ಪೋಸ್ಟರು ಕೂಡಿಡುವ ಹುಚ್ಚು ನನಗೆ. ಎರಡನೆಯ ಮಹಾಯುದ್ಧ ನಡೆದಾಗ ನಮ್ಮ ಭಾಗವೆಲ್ಲ ನಿಜಾಮರ ರಾಜ್ಯ. ಯುದ್ಧ ಇಂಗ್ಲಿಷರದ್ದಾದರೂ ಖರ್ಚಿಗೆ ಇಲ್ಲಿಯ ಜನರ ಹತ್ತಿರವೂ ಹಣ ಎತ್ತಿದರು. ಅದಕ್ಕಾಗಿ ಬಣ್ಣಬಣ್ಣದ ದೊಡ್ಡ ಕಾಗದಗಳನ್ನು ಅಚ್ಚು ಹಾಕಿಸಿ ರೈಲು ನಿಲ್ದಾಣದಲ್ಲಿ, ತಹಸೀಲಿನಲ್ಲಿ, ಊರ ಚಾವಡಿಯಲ್ಲಿ ಅಂಟಿಸುತ್ತಿದ್ದರು. ವಿಮಾನ, ಸಿಪಾಯಿ, ತೋಪು, ಕೊರಳಿನ ಸರ ಬಿಚ್ಚಿ ಕೊಡುವ ಹೆಂಗಸು. ಯುದ್ಧ ಮುಗಿದ ಮೇಲೆ ಆ ಕಾಗದಕ್ಕೆ ಯಾರು ಕಿಮ್ಮತ್ತು ಕೊಡುತ್ತಾರೆ? ಆದರೆ ಕಾಗದ ದಪ್ಪ, ಗಟ್ಟಿ. ಫೋಟೋಕ್ಕೆ ಕಟ್ಟು ಹಾಕುವವರು ಉಳಿದ ಪೋಸ್ಟರುಗಳನ್ನು ಕತ್ತರಿಸಿ ದೇವರ ಪಟಗಳ ಬೆನ್ನಿಗೆ ಕೊಟ್ಟರು. ನಾನು ಮೊದಲನೆಯದನ್ನು ಕಂಡದ್ದೂ ಹಾಗೆಯೇ. ಶಹಾಬಾದದ ಒಂದು ಹಳೆಯ ಹೋಟೆಲಿನಲ್ಲಿ ಲಕ್ಷ್ಮಿಯ ಪಟದ ಗಾಜು ಒಡೆದಿತ್ತು. ಮಾಲೀಕರು ಪಟ ಕೆಳಗಿಳಿಸಿದಾಗ ಅದರ ಬೆನ್ನಲ್ಲಿ ಅರ್ಧ ವಿಮಾನ ಕಂಡಿತು. ಅವತ್ತಿನಿಂದ ಹತ್ತಿದ ಚಟ ಇದು.

ಆಮೇಲೆ ಎಲ್ಲಿ ಹೋದರೂ ನಾನು ಹಳೆಯ ಪಟಗಳನ್ನು ತಿರುಗಿಸಿ ನೋಡಲು ಶುರು ಮಾಡಿದೆ. ಹೊಸ ಗಾಜು, ಹೊಸ ಕಟ್ಟು ನನ್ನ ಖರ್ಚಿನಲ್ಲಿ ಹಾಕಿಸಿಕೊಡುತ್ತೇನೆ, ಹಿಂದಿನ ರದ್ದಿ ಕಾಗದ ನನಗೆ ಬಿಡಿ ಎನ್ನುತ್ತಿದ್ದೆ. ಜನ ಖುಷಿಯಿಂದ ಕೊಡುತ್ತಿದ್ದರು. "ಮಂದಿ ದೇವರ ಮಾರಿ ನೋಡ್ತಾರ, ನೀವು ದೇವರ ಬೆನ್ನು ನೋಡ್ತೀರಿ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅದು ನಿಜವೇ.

ಈ ಹುಚ್ಚಿನಲ್ಲೂ ಮೋಸ ಇದೆ. ಹೊಸದಾಗಿ ಅಚ್ಚು ಹಾಕಿ, ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಹಳೆಯದು ಅಂತ ಮಾರುವವರು ಹೈದರಾಬಾದಿನಲ್ಲಿ ಬೇಕಾದಷ್ಟು ಜನ. ಒಮ್ಮೆ ನಾನೂ ಟೋಪಿ ಹಾಕಿಸಿಕೊಂಡಿದ್ದೇನೆ. ಆಮೇಲೆ ಭೂತಗನ್ನಡಿ ಜೇಬಿನಲ್ಲಿಟ್ಟುಕೊಳ್ಳುವುದು ಕಲಿತೆ. ಅಸಲಿ ಕಲ್ಲಚ್ಚಿನ ಕಾಗದದಲ್ಲಿ ಬಣ್ಣ ಸಣ್ಣ ಮರಳು ಉದುರಿಸಿದ ಹಾಗೆ ಹೇಗೆ ಬೇಕೋ ಹಾಗೆ ಕೂತಿರುತ್ತದೆ. ನಕಲಿಯಲ್ಲಿ ಚುಕ್ಕೆಗಳು ಸಾಲು ಹಿಡಿದು ನಿಂತಿರುತ್ತವೆ. ನನ್ನ ಹತ್ತಿರ ಉರ್ದೂದಲ್ಲಿದ್ದವು ಕೂಡಿದವು, ಇಂಗ್ಲಿಷಿನವು ಕೂಡಿದವು, ಚಿಂಚೋಳಿ ಕಡೆಯಿಂದ ತೆಲುಗಿನದೂ ಒಂದು ಸಿಕ್ಕಿತು. ಕನ್ನಡದ ಅಕ್ಷರ ಇರುವುದು ಮಾತ್ರ ಒಂದೂ ಇರಲಿಲ್ಲ. ಅಚ್ಚು ಹಾಕಿದ್ದು ಖಂಡಿತ, ಕಂಡವರಿದ್ದಾರೆ, ಆದರೆ ಯಾರ ಹತ್ತಿರವೂ ಇಲ್ಲ. ನಮ್ಮ ಭಾಷೆಯದ್ದೇ ನನ್ನ ಹತ್ತಿರ ಇಲ್ಲವಲ್ಲ ಎಂಬುದು ಹಲ್ಲಿನಲ್ಲಿ ಸಿಕ್ಕಿಬಿದ್ದ ಅಡಿಕೆ ಚೂರಿನಂತೆ ಕಾಡುತ್ತಿತ್ತು.

ಇದು ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಚಿತ್ತಾಪುರದಲ್ಲಿ ಫೋಟೋ ಕಟ್ಟು ಹಾಕುವ ಖಾಜಾಮಿಯಾ ಎಂಬುವರು ನನಗೆ ದೋಸ್ತರಾಗಿದ್ದರು. ಒಂದು ದಿನ ಅಂಗಡಿಯ ಮುಂದೆ ಬೈಕು ನಿಲ್ಲಿಸುವುದಕ್ಕೂ ಬಿಡದೆ ಕೂಗಿದರು.

"ಬರ್ರಿ ಸಾಬ್, ನಿಮ್ಮ ಮಾಲ್ ಸಿಕ್ಕದ. ಕಾಗಿಣಾ ಹೊಳಿ ದಂಡಿ ಮ್ಯಾಲ ಒಂದು ಊರಾಗ ಗಾಜು ಕೂಡಿಸ್ಲಿಕ್ಕಿ ಹೋಗಿದ್ದೆ. ಹಳೇ ಮಾಲಿಪಾಟೀಲರ ಮನಿ. ಅಲಮಾರಿ ಬಾಗಲಾ ತೆಗದ್ರ ಒಳಗ ಸಿಪಾಯಿ ನಿಂತಾನ, ಪೂರಾ ಸಿಪಾಯಿ! ತೆಳಗ ನಿಮ್ಮ ಕನ್ನಡಾನೇ ಅದ."

"ಓದಿದ್ರೇನು? ಏನು ಬರ್ದದ?"

"ನನಗ ಕನ್ನಡ ಓದ್ಲಿಕ್ಕಿ ಎಲ್ಲಿ ಬರ್ತದ ಸಾಬ್? ಆದ್ರ ಆ ಮನಿ ಆಯಿ ಭಾಳ ಕಡಕ್ ಇದ್ದಾಳ. ಬಾಗಲಾ ಲಗೂನೇ ಮುಚ್ಚಿಬಿಟ್ಳು."

ಊರಿನ ಹೆಸರು ಬೇಡ. ಆ ಮನೆಯವರು ಇನ್ನೂ ಅಲ್ಲಿದ್ದಾರೆ. ಚಿತ್ತಾಪುರಕ್ಕೂ ಮಳಖೇಡಕ್ಕೂ ನಡುವೆ ಎಂದಷ್ಟು ತಿಳಿದರೆ ಸಾಕು. ಅವತ್ತು ನಾನು ಸೇಡಂ ಡಾಕ್ಟರುಗಳಿಗೆ ಕೈಕೊಟ್ಟು ಸೀದಾ ಅಲ್ಲಿಗೆ ಹೋದೆ. ಬೇಸಿಗೆಯ ನಡು ಮಧ್ಯಾಹ್ನ. ಸಿಮೆಂಟಿನ ಲಾರಿಗಳು ಎಬ್ಬಿಸಿದ ಧೂಳು ರಸ್ತೆ ಪಕ್ಕದ ತೊಗರಿ ಕಟ್ಟಿಗೆಯ ಬಣವೆಗಳ ಮೇಲೆ ಬೆಳ್ಳಗೆ ಕೂತಿತ್ತು. ಬ್ಯಾಗಿನಲ್ಲಿ ಔಷಧಿಯ ಸ್ಯಾಂಪಲ್ಲಿನ ಜೊತೆ ಅಂಟು ಬಿಡಿಸುವ ತೆಳುವಾದ ಚಾಕು, ಒದ್ದೆ ಮಾಡುವ ಹತ್ತಿ, ಸುತ್ತಿಡಲು ಉದ್ದನೆಯ ಕೊಳವೆ ಎಲ್ಲ ಇದ್ದವು. ಕೊಡುವುದಿಲ್ಲ ಎಂದರೆ ಏನು ಮಾಡುವುದು ಎಂಬ ಒಂದೇ ಚಿಂತೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸುತ್ತಾ ಹೋದೆ.

ಬಾಗಿಲು ತೆರೆದವಳು ಆ ಮನೆಯ ಸೊಸೆ ಸುವರ್ಣಾ. ಖಾಜಾಮಿಯಾರ ಹೆಸರು ಹೇಳಿದ ಕೂಡಲೆ ಒಳಗೆ ಕರೆದು ನೀರು ಕೊಟ್ಟಳು. ಗಂಡ ಸಿಮೆಂಟ್ ಫ್ಯಾಕ್ಟರಿಯ ಡ್ಯೂಟಿಗೆ ಹೋಗಿದ್ದ. ಪಡಸಾಲೆಯಲ್ಲಿ ಅತ್ತೆ ನೀಲಮ್ಮ ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕಾಯಿ, ವಯಸ್ಸು ಎಂಬತ್ತರ ಹತ್ತಿರ ಇರಬೇಕು. ಮಾಲಿಪಾಟೀಲರ ಮಗಳೇ ಆಕೆ. ಗಂಡು ಮಕ್ಕಳಿಲ್ಲವೆಂದು ಅಪ್ಪ ಅಳಿಯನನ್ನು ಮನೆಗೇ ತಂದುಕೊಂಡಿದ್ದರಂತೆ. ಹಾಗಾಗಿ ಹುಟ್ಟಿದ ಮನೆ ಬಿಟ್ಟು ಒಂದು ದಿನವೂ ಹೊರಗೆ ಇದ್ದವರಲ್ಲ.

"ಕುಂದ್ರಿ ತಮ್ಮಾ. ನೀವು ಕಾಗದಾ ಕೇಳ್ಲಿಕ್ಕಿ ಬಂದೀರಿ ಅಂತ ಗೊತ್ತಾತು. ಆ ಗಾಜಿನ ಸಾಬ ಹೋಗಿ ಊರೆಲ್ಲಾ ಡಂಗುರಾ ಹೊಡದಾನ ಹೌದಿಲ್ಲೋ?"

"ನೋಡ್ಲಿಕ್ಕಿ ಬಂದೀನ್ರಿ ಆಯಿ. ಬರೇ ನೋಡ್ತೀನಿ" ಎಂದೆ. ಇದು ನಾವು ಸಂಗ್ರಾಹಕರೆಲ್ಲ ಮೊದಲು ಹೇಳುವ ಸುಳ್ಳು.

ಆಕೆ ಎಲೆ ಬಾಯಿಗಿಟ್ಟುಕೊಂಡು, ಕೈಯಿಂದ ಅಲಮಾರಿ ತೋರಿಸಿದರು. ದಪ್ಪ ಕಲ್ಲಿನ ಗೋಡೆಯಲ್ಲೇ ಕೂಡಿಸಿದ ಅಲಮಾರಿ ಅದು. ಒಳಗೆ ಶಹಾಬಾದಿ ಫರಸಿ ಕಲ್ಲಿನ ಹಲಗೆಗಳು, ಮೇಲೆ ಹಿತ್ತಾಳೆ ಪಾತ್ರೆ. ಎರಡೂ ಬಾಗಿಲು ತೆರೆದೆ. ಬಲಗಡೆಯ ಬಾಗಿಲಿನ ಒಳಮೈಗೆ ಅಂಟಿಸಿದ್ದರು.

ಇಡೀ ಕಾಗದ, ಎಲ್ಲೂ ಕತ್ತರಿ ಬಿದ್ದಿಲ್ಲ. ಬಣ್ಣ ನಿನ್ನೆ ಹಚ್ಚಿದ ಹಾಗೆ. ಕಬ್ಬಿಣದ ಟೋಪಿಯ ಸಿಪಾಯಿಯೊಬ್ಬ ನೋಡುವವರ ಕಡೆಗೆ ಅಂಗೈ ಚಾಚಿ ನಿಂತಿದ್ದಾನೆ. ಅವನ ಕೈ ದೇಹಕ್ಕಿಂತ ದೊಡ್ಡದಾಗಿ, ಕಾಗದದಿಂದ ಹೊರಗೆ ಬಂದಂತೆ ಬರೆದಿದ್ದಾರೆ. ಮೇಲೆ ಉರ್ದೂ, ಕೆಳಗೆ ದಪ್ಪ ಕೆಂಪು ಕನ್ನಡ ಅಕ್ಷರ. ಭೂತಗನ್ನಡಿ ಹಿಡಿದೆ. ಮರಳು ಮರಳಾಗಿ ಕೂತ ಬಣ್ಣ. ಅಸಲಿ. ಖುಷಿ ತಡೆಯಲಾರದೆ ಶಾಲೆಯ ಹುಡುಗನಂತೆ ಜೋರಾಗಿ ಓದಿದೆ.

"ಯುದ್ಧ ನಿಧಿಗೆ ಚಂದಾ ಕೊಡಿರಿ."

"ನಾ ಒಲ್ಲೆ."

ಸಣ್ಣ ದನಿ, ಆದರೆ ಸ್ಪಷ್ಟ. ಹಟ ಇತ್ತು ಅದರಲ್ಲಿ, ಅಳುವೂ ಇತ್ತು. ಆಯಿ ಕೊಡಲು ಒಪ್ಪುತ್ತಿಲ್ಲ ಎಂದುಕೊಂಡೆ. ನಾನು ಭೂತಗನ್ನಡಿ ತೆಗೆಯದೆ, ಹಿಂದೆ ತಿರುಗದೆ, ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ಶುರು ಮಾಡಿದೆ.

"ಒಲ್ಲೆ ಅನಬ್ಯಾಡ್ರಿ ಆಯಿ. ಅಲಮಾರಿಗಿ ಸಾಗವಾನಿದು ಹೊಸಾ ಬಾಗಲಾ ಮಾಡಿಸಿ ಕೊಡ್ತೀನಿ. ಕಾಗದಕ್ಕ ಒಂದು ಗೀರು ಬೀಳಂಗಿಲ್ಲ."

"ನಾ ಎಲ್ಲಿ ಒಲ್ಲೆ ಅಂದೆ?"

ತಿರುಗಿದೆ. ನೀಲಮ್ಮನ ಬಾಯಿ ತುಂಬ ಎಲೆ ತಂಬಾಕಿನ ರಸ. ಆ ಮಾತನ್ನೂ ಆಕೆ ರಸ ಚೆಲ್ಲದಂತೆ ತಲೆ ಎತ್ತಿ, ತೊದಲಿ ಹೇಳಿದ್ದರು. ನಾನು ಮೊದಲು ಕೇಳಿದ ಮಾತಿಗೆ ಆ ತೊದಲು ಇರಲಿಲ್ಲ.

"ನೀವಲ್ಲಾ? ಹಂಗಾರ ನಿಮ್ಮ ಸೊಸಿ ಅಂದಿರಬೇಕು" ಎಂದೆ. ಸುವರ್ಣಾ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು. ಅಲ್ಲಿಂದ ಕೂಗಿದರೆ ಕೂಗು ಕೇಳಬೇಕು. ನಾನು ಕೇಳಿದ್ದು ಕೂಗಲ್ಲ, ಮೊಳದ ದೂರದಲ್ಲಿ ಆಡಿದ ಮಾತು. ಅಲಮಾರಿಯ ಒಳಗಿನಿಂದ, ಪಾತ್ರೆಗಳ ಹಿಂದಿನಿಂದ.

ನೀಲಮ್ಮ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಆಕೆಯ ಮುಖದ ಮೇಲಿನ ಕಡಕ್ಕುತನ ಎಲ್ಲಿಗೋ ಹೋಗಿತ್ತು.

"ಏನ್ ಕೇಳಿಸ್ತು ನಿಮಗ?"

"ನಾ ಒಲ್ಲೆ ಅಂತ."

"ಇನ್ನೊಮ್ಮಿ ಓದ್ರಿ."

ಓದಿದೆ. ಈ ಸಲ ಏನೂ ಇಲ್ಲ. ಇನ್ನೊಮ್ಮೆ ಓದಿಸಿದರು, ಆಗಲೂ ಇಲ್ಲ. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಆಕೆ ನೆಲದ ಮೇಲೆ ಕೂತು, ನನಗೂ ಕೂರಲು ಹೇಳಿ, ಮಾತು ಶುರು ಮಾಡಿದರು.

"ನನಗೊಬ್ಬಾಕಿ ತಂಗಿ ಇದ್ಲು. ಚಂದಮ್ಮ ಅಂತ ಹೆಸರು. ನಾವೆಲ್ಲಾ ಚಂದಾ ಅಂತಿದ್ವಿ."

ನನ್ನ ಕಣ್ಣು ತಾನಾಗಿ ಕೆಂಪು ಅಕ್ಷರಗಳ ಕಡೆಗೆ ಹೋಯಿತು.

ಆಕೆ ಹೇಳಿದ್ದು ಇಷ್ಟು. ಶಾಲೆಯಲ್ಲಿ ಆಗ ಉರ್ದೂ. ನೀಲಮ್ಮ ಮಾತ್ರ ಮಠದ ಅಯ್ಯನವರ ಹತ್ತಿರ ಕನ್ನಡ ಕಲಿತಿದ್ದರು. ಕಂಡದ್ದನ್ನೆಲ್ಲ ಓದುವ ಹುರುಪು. ಅಪ್ಪ ಊರಿನ ಕಂದಾಯ ನೋಡುವ ಮಾಲಿಪಾಟೀಲರಾದ್ದರಿಂದ ಚಾವಡಿಗೆ ಅಂಟಿಸಲೆಂದು ತಹಸೀಲಿನಿಂದ ಕಾಗದಗಳ ಸುರುಳಿ ಬಂತು. ಉಳಿದ ಒಂದನ್ನು ಅಪ್ಪ ಚಂದ ಕಾಣುತ್ತದೆಂದು ಅಲಮಾರಿಗೆ ಅಂಟಿಸಿದರು. ನೀಲಮ್ಮ ಅಕ್ಷರ ಕೂಡಿಸಿ ಓದಿದರು. ಊರಿನಲ್ಲಿ ಹಣ ಎತ್ತುವುದಕ್ಕೆ ಪಟ್ಟಿ ಅನ್ನುತ್ತಿದ್ದರೇ ಹೊರತು ಚಂದಾ ಎಂಬ ಮಾತು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಚಂದಾ ಒಬ್ಬಳೇ. ಇಷ್ಟು ದೊಡ್ಡ ಕೈ ಚಾಚಿ ನಿಂತ ಸಿಪಾಯಿ ಕೇಳುತ್ತಿರುವುದು ಆ ಚಂದಾಳನ್ನೇ ಎಂದು ಅಕ್ಕ ತಂಗಿ ಇಬ್ಬರೂ ತಿಳಿದರು.

"ಅಪ್ಪನ್ನ ಕೇಳಿದೆ. ಅಪ್ಪ ಬಿದ್ದು ಬಿದ್ದು ನಕ್ಕು, ಚಂದಾ ಅಂದ್ರ ರೊಕ್ಕಾ ಅಂತ ಹೇಳಿದ. ನನಗ ತಿಳೀತು. ಆದ್ರ ಆಕಿಗಿ ನಾ ಹೇಳಲಿಲ್ಲ ತಮ್ಮಾ. ಆಕಿ ಅಂಜ್ಲಿಕತ್ತಿದ್ಲು, ನನಗ ಮಜಾ ಬರ್ಲಿಕತ್ತಿತ್ತು. ನನ್ನ ಮಾತು ಕೇಳದಿದ್ರ ಸಿಪಾಯಿನ್ನ ಕರೀತೀನಿ ಅಂತಿದ್ದೆ. ನನಗಾರ ಎಷ್ಟು ವಯಸ್ಸು? ಹುಡುಗಾಟ."

ಒಂದು ಮಧ್ಯಾಹ್ನ ತಹಸೀಲಿನಿಂದ ಮಂದಿ ಬಂದರು. ಜೊತೆಗೆ ಖಾಕಿ ತೊಟ್ಟ ಜವಾನ. ಅಕ್ಕ ತಂಗಿ ಇದೇ ಪಡಸಾಲೆಯಲ್ಲಿ ಕವಡೆ ಆಡುತ್ತಿದ್ದರು. ಜವಾನ ಬಾಗಿಲಲ್ಲಿ ನಿಂತು ದೊಡ್ಡ ದನಿ ತೆಗೆದು, "ಪಾಟೀಲರ, ಚಂದಾ ಕೊಡ್ರಿ" ಎಂದ. ಚಂದಾ ಕೈಯಲ್ಲಿದ್ದ ಕವಡೆ ಚೆಲ್ಲಿ, ನಾ ಒಲ್ಲೆ ಎಂದು ಚೀರಿ ಒಳಗೆ ಓಡಿದಳು. ಅಪ್ಪ, ಜವಾನ, ನೀಲಮ್ಮ ಎಲ್ಲ ನಕ್ಕರು. ಬಂದವರು ಚಹಾ ಕುಡಿದು ಹೋದ ಮೇಲೆ ನೋಡಿದರೆ ಹುಡುಗಿ ಇಲ್ಲ. ಜೋಳ ತುಂಬುವ ಹಗೇವು ತೆಗೆಸಿ ದೀಪ ಇಳಿಬಿಟ್ಟು ನೋಡಿದರು, ಬಾವಿಗೆ ಇಳಿದರು, ಹೊಳೆಗೆ ಬಲೆ ಹಾಕಿಸಿದರು. ಹಿತ್ತಲ ಬಾಗಿಲಿನಿಂದ ಓಡಿ ಹೊಳೆಯ ಪಾಲಾದಳು ಎಂದು ಊರಿನವರು ತೀರ್ಮಾನ ಮಾಡಿದರು.

"ನಮ್ಮವ್ವ ಹಿತ್ತಲದಾಗೇ ಜ್ವಾಳಾ ಹಸನ ಮಾಡ್ಲಿಕತ್ತಿದ್ಲು. ಆ ಬಾಗಲದಾಗ ಯಾರೂ ಬರಲಿಲ್ಲ ಅಂತ ಸಾಯೋ ತನಕ ಹೇಳಿದ್ಲು. ಒಳಗ ಹೋಗ್ಯಾಳ, ಹೊರಗ ಬಂದಿಲ್ಲ. ಅದಕ್ಕೇ ನಾ ಎಲ್ಲೂ ಹೋಗಿಲ್ಲ. ಲಗ್ನ ಆದ್ರೂ ಹೋಗಿಲ್ಲ. ದಿನಾ ಕರೀತೀನಿ. ಆ ಕಾಗದಾ ಓದಿ ಓದಿ ಕರ್ದೀನಿ. ಇಷ್ಟು ವರ್ಷದಾಗ ನನಗ ಒಮ್ಮಿನೂ ಓ ಅಂದಿಲ್ಲ ಆಕಿ."

ಇಷ್ಟು ಹೇಳಿ ನನ್ನ ಮುಖಕ್ಕೆ ಮುಖ ಕೊಟ್ಟು ಕೂತರು. ಆಕೆಯ ಕಣ್ಣಲ್ಲಿ ಇದ್ದದ್ದು ದುಃಖ ಎಂದರೆ ಪೂರ್ತಿ ಸರಿಯಲ್ಲ. ಹೊಟ್ಟೆಕಿಚ್ಚೂ ಇತ್ತು. ಇದೇ ಮೊದಲ ಸಲ ಹೊಸ್ತಿಲು ದಾಟಿದ ನನಗೆ ಸಿಕ್ಕದ್ದು ತನಗೆ ಸಿಗಲಿಲ್ಲವಲ್ಲ ಎಂಬುದು.

"ತಮ್ಮಾ, ಒಂದು ಮಾತು ಕೇಳ್ತೀನಿ, ಖರೇ ಹೇಳು. ದನಿ ಹೆಂಗಿತ್ತು? ಸಣ್ಣ ಹುಡುಗೀದಿತ್ತೋ, ಮುದುಕೀದಿತ್ತೋ?"

ಇಲ್ಲಿಯವರೆಗೆ ನಾನು ಧೈರ್ಯವಾಗಿಯೇ ಇದ್ದೆ. ಬಿಸಿಲು, ಖಾಲಿ ಹೊಟ್ಟೆ, ಕಿವಿಯ ಭ್ರಮೆ ಎಂದು ಒಳಗೊಳಗೇ ಸಮಾಧಾನ ಹುಡುಕುತ್ತಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಏಕೆಂದರೆ ನಾನು ಕೇಳಿದ್ದು ಮಗುವಿನ ಹಟ, ಮಗುವಿನ ಅಳು, ಆದರೆ ದನಿ ಮಗುವಿನದಾಗಿರಲಿಲ್ಲ. ಒಣಗಿದ, ನಡುಗುವ ದನಿ. ಅದಕ್ಕೇ ನಾನು ಅದನ್ನು ನೀಲಮ್ಮನದೇ ಎಂದು ತಿಳಿದದ್ದು.

"ವಯಸ್ಸಾದವರದ್ರಿ. ನಿಮ್ಮ ದನಿ ಇದ್ದಂಗೇ ಇತ್ತು."

ನೀಲಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ. ಕೈ ತೆಗೆದಾಗ ನಗುತ್ತಿದ್ದರು.

"ಹಂಗಾರ ಆಕಿಗೂ ಮುಪ್ಪು ಬಂದದ! ಸತ್ತವರಿಗೆ ಮುಪ್ಪು ಬರ್ತದೇನು? ನನ್ನ ಜೋಡೀನೇ ಮುದುಕ್ಯಾಗ್ಯಾಳ ನೋಡು. ಇನ್ನಾ ಅಂಜಿಕೊಂಡು ಕುಂತಾಳ."

ಆಮೇಲೆ ಆಕೆ ನನ್ನ ಮುಂಗೈ ಹಿಡಿದರು. ಆ ವಯಸ್ಸಿನ ಕೈಗೆ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ನೀ ಚಂದಾ ಕೇಳಾವ. ನೀ ಕೇಳಿದ್ದಕ್ಕೇ ಆಕಿ ಜವಾಬು ಕೊಟ್ಟಾಳ. ನಾ ಹೇಳಿದ್ರ ನಂಬಂಗಿಲ್ಲ, ನಾ ಸುಳ್ಳು ಹೇಳಿದಾಕಿ. ನೀ ಹೇಳು. ಸರಕಾರಕ್ಕ ಚಂದಾ ಬ್ಯಾಡ ಅಂತ ಹೇಳು."

ಓದುಗರೇ, ನಾನು ಬಿ.ಎಸ್ಸಿ. ಓದಿದವನು. ಡಾಕ್ಟರರ ಮುಂದೆ ಔಷಧಿಯ ಗುಣ ಗಡಗಡ ಒಪ್ಪಿಸುವವನು. ಒಂದು ಅಲಮಾರಿಯ ಮುಂದೆ ನಿಂತು ಪಾತ್ರೆಗಳ ಜೊತೆ ಮಾತಾಡುವುದೆಂದರೆ! ಆದರೆ ಆಕೆ ಕೈ ಬಿಡಲಿಲ್ಲ, ನನಗೂ ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅಲಮಾರಿಯ ಕಡೆ ತಿರುಗಿ ಹೇಳಿದೆ.

"ಚಂದಾ ಬ್ಯಾಡ್ರಿ. ಲಡಾಯಿ ಮುಗದದ. ಸರಕಾರಕ್ಕ ಈಗ ಚಂದಾ ಬ್ಯಾಡ."

ಬಟ್ಟೆ ಒಗೆಯುವ ಸಪ್ಪಳ ನಿಂತಿತ್ತು. ಹೊರಗೆ ಎಲ್ಲೋ ಲಾರಿ ಹೋಯಿತು. ಏನೂ ಇಲ್ಲ ಎಂದು ನಾನು ಉಸಿರು ಬಿಟ್ಟೆ. ಆಗ ಕೇಳಿಸಿತು, ಅದೇ ಮುದಿ ದನಿ, ಮೊದಲಿಗಿಂತ ಹತ್ತಿರದಿಂದ.

"ಖರೇನು?"

ಒಂದು ಪಾತ್ರೆ ಕೂಡ ಅಲ್ಲಾಡಲಿಲ್ಲ. ಅಲಮಾರಿಯ ಹಿಂದೆ ಮೊಳಗಟ್ಟಲೆ ದಪ್ಪದ ಕಲ್ಲಿನ ಗೋಡೆ. ಅದರ ಆಚೆ ಬಯಲು ಎಂದು ಬರುವಾಗಲೇ ನೋಡಿದ್ದೆ. ನಾನು ನೀಲಮ್ಮನ ಕಡೆ ತಿರುಗಿದೆ. ಆಕೆ ತುಟಿ ಬಿಗಿ ಹಿಡಿದು, ಕಿವಿ ಕೊಟ್ಟು, ಇನ್ನೂ ಕಾಯುತ್ತಿದ್ದರು. ಆಕೆಗೆ ಕೇಳಿಸಿರಲಿಲ್ಲ. ಅಷ್ಟು ಹತ್ತಿರ ಕೂತರೂ ಕೇಳಿಸಿರಲಿಲ್ಲ!

"ಏನರ ಅಂದಳಾ?"

"ಖರೇನು ಅಂತ ಕೇಳ್ಲಿಕತ್ತಾರ."

ಆಕೆ ಮೊಳಕಾಲಿನ ಮೇಲೆ ತೆವಳಿಕೊಂಡೇ ಅಲಮಾರಿಯ ಹತ್ತಿರ ಹೋದರು. ಕೆಳಗಿನ ಫರಸಿಗೆ ಹಣೆ ಹಚ್ಚಿ, ಮಗುವಿನ ಕಿವಿಯಲ್ಲಿ ಗುಟ್ಟು ಹೇಳಿದಂತೆ, "ಖರೇ ಅದ ಚಂದಾ. ಖರೇ ಅದ ನಮ್ಮವ್ವಾ. ನಿನ್ನಾಣಿ ಖರೇ ಅದ" ಎಂದು ಹೇಳುತ್ತಾ ಹೋದರು. ಎಷ್ಟು ಹೊತ್ತು ಹೇಳಿದರೋ! ಆಮೇಲೆ ಏನೋ ಹೊಳೆದಂತೆ ತಲೆ ಎತ್ತಿ ನನ್ನನ್ನು ನೋಡಿದರು.

"ತಮ್ಮಾ, ನೀವು ನಡೀರಿ. ನೀವು ಇಲ್ಲಿ ಇರೋ ತನಕ ಆಕಿ ಬರಂಗಿಲ್ಲ."

ಅದು ಸರಿಯೇ. ಬ್ಯಾಗು ಹಿಡಿದು ಬಂದ ಪರಸ್ಥಳದ ಗಂಡಸು, ಕಾಗದ ನೋಡಿ ಚಂದಾ ಕೊಡಿರಿ ಎಂದವನು ನಾನೇ ಅಲ್ಲವೇ? ಚಾಕು, ಹತ್ತಿ, ಕೊಳವೆ ಎತ್ತಿಕೊಂಡೆ. ಪೋಸ್ಟರಿನ ಕಡೆಗೆ ನೋಡಲೂ ಇಲ್ಲ. ಹೊಸ್ತಿಲ ಹತ್ತಿರ ಬಂದು, ರೂಢಿಯಂತೆ ಕೈ ಮುಗಿದು, "ಬರ್ತೀನ್ರಿ ಆಯಿ" ಎನ್ನಲು ಬಾಯಿ ತೆರೆದೆ.

"ಬರ್ತೀನಿ ಅನಬ್ಯಾಡ!" ಎಂದು ಆಕೆ ಅಲ್ಲಿಂದಲೇ ಕೂಗಿದರು. "ಹೋಗ್ತೀನಿ ಅನ್ನು. ಆಕಿಗಿ ಕೇಳಂಗ ಅನ್ನು."

ನಮ್ಮ ಕಡೆ ಯಾರೂ ಯಾರ ಮನೆಯಿಂದಲೂ ಹೋಗುತ್ತೇನೆ ಎಂದು ಹೇಳಿ ಹೊರಡುವುದಿಲ್ಲ. ಆಸ್ಪತ್ರೆಗೆ ಹೋಗುವವರೂ ಬರುತ್ತೇನೆ ಎಂದೇ ಹೊರಡುತ್ತಾರೆ. ಬಾಯಿ ತಪ್ಪಿ ಅಂದರೆ ಹಿರಿಯರು ಬೈದು ತಿದ್ದಿಸುತ್ತಾರೆ. ಚಿಕ್ಕಂದಿನಿಂದ ನಾಲಿಗೆಗೆ ಬಾರದ ಮಾತು ಅದು. ಎರಡು ಸಲ ಬರ್ತೀನಿ ಎಂದೇ ಬಾಯಿಗೆ ಬಂತು. ಆಮೇಲೆ ಕಣ್ಣು ಮುಚ್ಚಿ ಕೂಗಿದೆ.

"ನಾ ಹೋಗ್ತೀನಿ! ನಾ ಹೋಗ್ತೀನ್ರಿ!"

ಬಾಗಿಲಿಗೆ ಬಂದ ಸುವರ್ಣಾ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದಳು. ಅವಳಿಗೆ ನಾನು ಏನೂ ಹೇಳಲಿಲ್ಲ. ಬೈಕು ಓಣಿ ದಾಟುವವರೆಗೆ ತಳ್ಳಿಕೊಂಡೇ ಹೋದೆ. ಹಿಂದಿನಿಂದ ಕದ ಹಾಕಿದ ಸಪ್ಪಳ ಕೇಳಿಸಿತು, ಅಗಳಿ ಬಿದ್ದದ್ದೂ ಕೇಳಿಸಿತು. ಅದರಾಚೆ ಏನಾಯಿತೋ ನನಗೆ ಗೊತ್ತಿಲ್ಲ.

ತರ್ಕಕ್ಕೆ ನಾನೇನು ಕಡಿಮೆ ಮಾಡಿಲ್ಲ. ಕಿವಿಯ ಡಾಕ್ಟರರಿಗೆ ತೋರಿಸಿದೆ, ಕಿವಿ ಚೆನ್ನಾಗಿದೆ ಎಂದರು. ಸುವರ್ಣಾ ಚೇಷ್ಟೆ ಮಾಡಿರಬಹುದೇ? ಆ ಮುಗ್ಧ ಮುಖ ನೆನೆದರೆ ಇಲ್ಲ. ನೀಲಮ್ಮನೇ ದನಿ ಬದಲಿಸಿ ಆಡಿದರೇ? ಎಲೆಯ ರಸ ತುಂಬಿದ ಬಾಯಿಂದ ಹೇಗೆ? ಅಷ್ಟಕ್ಕೂ ಯಾರಿಗೆ ಮೋಸ ಮಾಡಲು? ತಂಗಿಯ ಕಥೆ ನನಗೆ ಮೊದಲೇ ಗೊತ್ತಿದ್ದರೆ ಮನಸ್ಸು ಆಡಿದ ಆಟ ಎನ್ನಬಹುದಿತ್ತು. ಕಥೆ ಕೇಳುವ ಮೊದಲೇ ನಾನು ದನಿ ಕೇಳಿದ್ದೆ. ಎಷ್ಟು ಸಲ ಲೆಕ್ಕ ಹಾಕಿದರೂ ಇಲ್ಲಿಗೆ ಬಂದು ನಿಲ್ಲುತ್ತೇನೆ.

ಹೋಗಿ ಕೇಳಬಹುದಲ್ಲ ಎಂದು ನೀವು ಅನ್ನಬಹುದು. ಖಾಜಾಮಿಯಾ ಕೂಡ ಅದನ್ನೇ ಅಂದರು. ಕೆಲವು ತಿಂಗಳ ಮೇಲೆ, "ಆ ಮನಿ ಕಡೆ ಹೊಂಟೀನಿ ಸಾಬ್, ನಿಮ್ಮ ಸಿಪಾಯಿ ಏನಾದ ಅಂತ ಕೇಳಿ ಬರ್ಲೇನು?" ಎಂದು ಕೇಳಿದಾಗ ನನಗೆ ಬಂದ ಸಿಟ್ಟಿಗೆ ಅವರು ಹೆದರಿಬಿಟ್ಟರು. ನನ್ನ ಹೆಸರು ಆ ಮನೆಯಲ್ಲಿ ತೆಗೆಯಬೇಡಿ, ಆ ಕಾಗದದ ಸುದ್ದಿ ಎತ್ತಲೇಬೇಡಿ ಎಂದು ಕೈ ಮುಗಿದೆ. ಹೋಗುತ್ತೇನೆ ಎಂದು ಕೂಗಿ ಹೇಳಿ ಬಂದವನು ನಾನು. ಆ ಮಾತು ನಂಬಿ ಒಬ್ಬಾಕೆ ಹೊರಗೆ ಬಂದಿದ್ದರೆ? ಅಕ್ಕನ ಪಕ್ಕದಲ್ಲಿ ಕೂತು ಒಂದು ತುತ್ತು ಉಣ್ಣುತ್ತಿದ್ದರೆ? ಬಂದಿಲ್ಲವೆಂದೇ ಇಟ್ಟುಕೊಳ್ಳಿ, ಎಲ್ಲ ನನ್ನ ಭ್ರಮೆಯೆಂದೇ ಇಟ್ಟುಕೊಳ್ಳಿ, ಹಾಗಿದ್ದರೂ ನೋಡಿ ಬರುವ ಧೈರ್ಯ ನನಗಿಲ್ಲ. ಅತ್ತ ತಿಳಿಯಲೂ ಆಗದೆ, ಇತ್ತ ಬಿಡಲೂ ಆಗದೆ ಇಷ್ಟು ವರ್ಷ ಕಳೆದೆ.

ಸೇಡಂಗೆ ಹೋಗುವಾಗ ಆ ಊರಿನ ತಿರುವು ಈಗಲೂ ಬರುತ್ತದೆ. ಅಲ್ಲಿ ಲಾರಿಗಳ ಕಾಟ ಬಹಳ, ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ನಾನು ಮಾತ್ರ ಹೊಡೆಯುವುದಿಲ್ಲ. ಯಾರೋ ಬಂದರು ಎಂದು ಆ ಮನೆಯೊಳಗೆ ಯಾರಿಗೂ ಅನ್ನಿಸಬಾರದು.